ಮೂವರು ಆಟಗಾರರು, ಎರಡು ತಾಂಬೂಲ

ಹೋದ ತಿಂಗಳು ತೂಬಗೆರೆಯಲ್ಲಿ ಚಂದ್ರಶೇಖರನ ನಿಶ್ಚಿತಾರ್ಥವಿತ್ತು. ಬರುವಾಗ ಕೊಟ್ಟ ತಾಂಬೂಲದ ಚೀಲವನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಮರೆತುಬಿಟ್ಟೆ. ಮೂರನೆಯ ಬೆಳಿಗ್ಗೆ ಕಾಲೇಜಿಗೆ ಹೊರಡಲು ಬಾಗಿಲು ತೆಗೆದಾಗ, ಕಳಿತು ಕಪ್ಪಾದ ಏಲಕ್ಕಿ ಬಾಳೆಹಣ್ಣು ಮತ್ತು ಬಾಡಿದ ವೀಳ್ಯದೆಲೆ ಎರಡರ ವಾಸನೆಯೂ ಒಟ್ಟಿಗೆ ಮುಖಕ್ಕೆ ಬಡಿಯಿತು. ಬೇರೆಯವರಿಗೆ ಅದು ಮದುವೆಮನೆಯ ವಾಸನೆ. ನನಗೆ ಹಾಕಿ ಆಟದ್ದು. ಮೂರು ವರ್ಷದ ಹಿಂದಿನ ಒಂದು ಆಷಾಢದ್ದು.

ನಿಶ್ಚಿತಾರ್ಥದ ದಿನ ಚಂದ್ರ ನನಗೊಂದು ಮಾತು ಹೇಳಿದ. ಅದನ್ನು ಕೊನೆಯಲ್ಲಿ ಬರೆಯುತ್ತೇನೆ. ಓದುವವರನ್ನು ಕಾಯಿಸಲಿಕ್ಕಲ್ಲ. ಆ ಮಾತನ್ನು ಮೊದಲೇ ಬರೆದರೆ ನನ್ನ ನೆನಪು ಅದಕ್ಕೆ ತಕ್ಕಂತೆ ಬಟ್ಟೆ ಬದಲಿಸಿಕೊಂಡು ಬಂದು ನಿಲ್ಲುತ್ತದೆ. ನನ್ನ ನೆನಪಿನ ಮೇಲೆ ನನಗೆ ಅಂಥ ನಂಬಿಕೆಯೇನಿಲ್ಲ. ಹದಿನೈದು ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ, ಅದರ ಮೇಲೂ ಇಲ್ಲ. ಹಾಗಾಗಿ ಆ ಆಷಾಢ ಇಷ್ಟು ದಿನ ನನ್ನ ತಲೆಯಲ್ಲಿ ಹೇಗಿತ್ತೋ ಹಾಗೆಯೇ ಮೊದಲು ಕಾಗದಕ್ಕೆ ಇಳಿಸುತ್ತೇನೆ.

ದೇವನಹಳ್ಳಿಗೆ ಹತ್ತಿರದ ನಮ್ಮೂರಿನ ಕೆರೆಯ ಕೋಡಿಯ ಪಕ್ಕ ಒಂದು ಕೆಂಪುಮಣ್ಣಿನ ಮೈದಾನವಿದೆ. ಅಲ್ಲಿ ಆಡುತ್ತಿದ್ದ ಕಾರಣಕ್ಕೆ ನಮ್ಮ ಹಾಕಿ ತಂಡಕ್ಕೆ ಕೆರೆಕೋಡಿ ತಂಡ ಎಂದೇ ಹೆಸರು. ಕಟ್ಟಿದವರು ಸೈನ್ಯದಿಂದ ನಿವೃತ್ತರಾಗಿ ಬಂದ ಹವಾಲ್ದಾರರೊಬ್ಬರು. ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಿದ್ದೆವು. ಲೀಗಿನ ನಿಯಮದಂತೆ ಆಟಗಾರ ಪ್ರತಿ ವರ್ಷವೂ ಹೊಸದಾಗಿ ಫಾರಂಗೆ ಸಹಿ ಹಾಕಬೇಕು. ಕೊನೆಯ ದಿನದೊಳಗೆ ಹಾಕದವನು ಯಾವ ತಂಡಕ್ಕಾದರೂ ಹೋಗಬಹುದು. ಮಾಸ್ಟರ್ ಈ ಕೆಲಸವನ್ನು ಒಂದು ಬೆಳಿಗ್ಗೆ ಮುಗಿಸುತ್ತಿದ್ದರು. ಹುಡುಗರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬನ ಮುಂದೆಯೂ ನಿಂತು, "ಈ ವರ್ಷ ಆಡ್ತೀಯೇನೋ?" ಎಂದು ಕೇಳುವುದು. ಅವನು ಹೂಂ ಎಂದರೆ ಮುಂದಿನವನ ಬೆನ್ನ ಮೇಲೆ ಫಾರಂ ಇಟ್ಟು ಅಲ್ಲೇ ಸಹಿ. ಬೆನ್ನು ಕೊಟ್ಟವನು ಕಚಗುಳಿಯಾಗಿ ನಕ್ಕರೆ ಸಹಿ ಸೊಟ್ಟಗಾಗುತ್ತಿತ್ತು. ಅಷ್ಟೇ ಶಾಸ್ತ್ರ.

ತಂಡ ಮೊದಲ ಸಲ ಎ ಡಿವಿಷನ್‌ಗೆ ಏರಿದ ವರ್ಷವೇ, ಕಾರ್ತಿಕದಲ್ಲಿ, ಮಾಸ್ಟರ್ ತೀರಿಕೊಂಡರು. ಅವರ ಜಾಗಕ್ಕೆ ಪಿಳ್ಳೇಗೌಡರು ಅಧ್ಯಕ್ಷರಾಗಿ ಬಂದರು. ಅವರು ಲೇಔಟ್ ಮಾಡುವವರು. ಹಾಕಿಯ ಬಗ್ಗೆ ಅವರಿಗೆ ತಿಳಿದಿದ್ದು ಅದನ್ನು ಕೋಲಿನಿಂದ ಆಡುತ್ತಾರೆ ಎಂಬುದೊಂದೇ. ಅಧ್ಯಕ್ಷರಾದ ದಿನ ತೆಗೆಸಿಕೊಂಡ ಫೋಟೋದಲ್ಲಿ ಆ ಕೋಲನ್ನೂ ತಲೆಕೆಳಗಾಗಿ ಹಿಡಿದಿದ್ದಾರೆ. ಅದು ಇವತ್ತಿಗೂ ಅವರ ಆಫೀಸಿನ ಗೋಡೆಯ ಮೇಲಿದೆ. ಹೇಳುವ ಧೈರ್ಯ ಯಾರಿಗೂ ಬಂದಿಲ್ಲ, ನನಗೂ ಬಂದಿಲ್ಲ. ಉಪಾಧ್ಯಕ್ಷರು ಆಂಜಿನಪ್ಪನವರು, ನಿವೃತ್ತ ಹೆಡ್‌ಮಾಸ್ಟರು. ತಾಲ್ಲೂಕಿನ ಮದುವೆ ಮಾತುಕತೆಗಳಲ್ಲಿ ಅರ್ಧಕ್ಕರ್ಧ ಅವರ ಮುಂದೆಯೇ ಆಗಬೇಕು. ಕಾರ್ಯದರ್ಶಿ ನಾನು. ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ಅಕ್ಷರ ದುಂಡಗಿದೆ, ಇಂಗ್ಲಿಷ್ ಫಾರಂ ತುಂಬಲು ಬರುತ್ತದೆ. ನನ್ನನ್ನು ಆರಿಸಲು ಇದ್ದ ಕಾರಣ ಇಷ್ಟೇ. ನಾನು ಒಪ್ಪಿಕೊಂಡ ಕಾರಣ ಇನ್ನೂ ಸಣ್ಣದು. ಪಿಳ್ಳೇಗೌಡರು ನಾಲ್ಕು ಜನರ ಮುಂದೆ "ಬನ್ನಿ ಮೇಷ್ಟ್ರೇ" ಎಂದು ಕರೆದು ನನಗೆ ಕುರ್ಚಿ ಹಾಕಿಸುತ್ತಿದ್ದರು.

ಹದಿನೆಂಟು ಜನರಿದ್ದರೂ ತಂಡ ನಿಂತಿದ್ದು ಮೂವರ ಮೇಲೆ. ಗೋಲ್‌ಕೀಪರ್ ಮುನಿರಾಜು ನಲ್ಲೂರಿನವನು, ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಕೆಲಸ. ಪೆನಾಲ್ಟಿ ಕಾರ್ನರ್ ಹೊಡೆಯುವ ಫಯಾಜ್ ವಿಜಯಪುರದವನು, ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿದ್ದ. ನಡುಮೈದಾನದಲ್ಲಿ ಆಡುತ್ತಿದ್ದವನು ತೂಬಗೆರೆಯ ಚಂದ್ರ. ಅವನ ಅಪ್ಪ ಹನುಮಂತರಾಯಪ್ಪನವರದು ದ್ರಾಕ್ಷಿ ತೋಟ. ಚಂದ್ರ ಆಟದಲ್ಲಿ ಓಡುತ್ತಿದ್ದುದು ಕಡಿಮೆ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ನಿಂತಿರುತ್ತಿದ್ದ. ಅವನು ಬರದ ದಿನ ಉಳಿದವರು ಎರಡರಷ್ಟು ಓಡಿ ಅರ್ಧದಷ್ಟು ಆಡುತ್ತಿದ್ದರು. ಬೆಂಗಳೂರಿನ ಒಂದು ಕಂಪನಿಯ ತಂಡ ಮುನಿರಾಜು ಮತ್ತು ಚಂದ್ರನ ಮೇಲೆ ಕಣ್ಣಿಟ್ಟಿದೆ ಎಂಬ ಸುದ್ದಿ ಬೇಸಿಗೆ ಮುಗಿಯುವಾಗಲೇ ನಮ್ಮ ಕಿವಿಗೆ ಬಿದ್ದಿತ್ತು. ಮೂವರನ್ನೂ ಉಳಿಸಿಕೊಂಡರೆ ಎ ಡಿವಿಷನ್‌ನಲ್ಲಿ ನಿಲ್ಲುತ್ತೇವೆ, ಇಲ್ಲದಿದ್ದರೆ ಬಂದ ದಾರಿಯಲ್ಲೇ ಕೆಳಗೆ. ಇದು ಸಮಿತಿಯ ಎಲ್ಲರಿಗೂ ಗೊತ್ತಿತ್ತು.

ಸಹಿಗೆ ಕೊಟ್ಟಿದ್ದ ಅವಧಿ ಒಂದು ತಿಂಗಳು. ಆ ವರ್ಷ ಅದು ಹೆಚ್ಚುಕಡಿಮೆ ಪೂರ್ತಿ ಆಷಾಢದಲ್ಲಿ ಬಿತ್ತು. ಫಾರಂಗಳನ್ನು ನಾನು ಮೊದಲ ವಾರದಲ್ಲೇ ತಂದು, ಹೆಸರು, ತಂದೆಯ ಹೆಸರು, ಊರು, ಆಡುವ ಜಾಗ ಎಲ್ಲವನ್ನೂ ತುಂಬಿಟ್ಟಿದ್ದೆ. ಸಹಿ ಹಾಕಿಸುವುದೊಂದೇ ಬಾಕಿ ಎಂದು ಪಿಳ್ಳೇಗೌಡರ ಆಫೀಸಿನಲ್ಲಿ ಸಮಿತಿ ಸೇರಿದಾಗ ಹೇಳಿದೆ.

"ಆಷಾಢದಲ್ಲಿ ಯಾರಾದ್ರೂ ಮಾತು ಕಟ್ತಾರಾ ಮೇಷ್ಟ್ರೇ?" ಎಂದರು ಅವರು. "ಹೋದ ವರ್ಷ ಮಾಸ್ಟರು ಆಷಾಢದಲ್ಲೇ ಸೈನ್ ಹಾಕಿಸಿದ್ರು. ಏನಾಯ್ತು? ಕಾರ್ತೀಕ ದಾಟಲಿಲ್ಲ."

ಅದೇ ಆಷಾಢದ ಸಹಿಗಳಿಂದಲೇ ತಂಡ ಎ ಡಿವಿಷನ್‌ಗೆ ಏರಿದ್ದು ಎಂದು ನಾನು ಹೇಳಿದೆನೇ? ದಿನಚರಿಯಲ್ಲಿ 'ನಾನು ವಿರೋಧಿಸಿದೆ' ಎಂದಿದೆ. ಎರಡೇ ಪದ. ಏನು ಹೇಳಿ ವಿರೋಧಿಸಿದೆ, ಅದಕ್ಕೆ ಯಾರು ಏನೆಂದರು, ಒಂದೂ ಇಲ್ಲ. ಅದೇ ಪುಟದಲ್ಲಿ ಆ ಸಂಜೆ ತರಿಸಿದ ಬೋಂಡಾದ ಬಗ್ಗೆ ಮೂರು ಸಾಲಿದೆ. ನನ್ನ ವಿದ್ಯಾರ್ಥಿಯೊಬ್ಬ ಇಂಥ ದಾಖಲೆ ಹಿಡಿದು ಬಂದರೆ ನಾನು ನಂಬುವುದಿಲ್ಲ. ಬೋಂಡಾ ತಿಂದಿದ್ದನ್ನು ನಂಬುತ್ತೇನೆ, ವಿರೋಧಿಸಿದ್ದನ್ನಲ್ಲ.

ಪಿಳ್ಳೇಗೌಡರ ಎರಡನೆಯ ಮಾತು ಇನ್ನೂ ದೊಡ್ಡದು. ಮೈದಾನದಲ್ಲಿ ಬೆನ್ನ ಮೇಲೆ ಕಾಗದ ಇಟ್ಟು ಗೀಚಿಸುವ ಚಿಲ್ಲರೆ ಕೆಲಸ ಮುಖ್ಯವಾದ ಆಟಗಾರರಿಗೆ ಬೇಡ, ಅವರ ಮನೆಗೇ ಹೋಗಿ ದೊಡ್ಡವರಿಗೆ ತಾಂಬೂಲ ಕೊಟ್ಟು ಮಾತು ತೆಗೆದುಕೊಳ್ಳೋಣ ಎಂದರು. ಜಮೀನಿನ ವ್ಯವಹಾರ ಅವರು ಮಾಡುತ್ತಿದ್ದುದು ಹಾಗೆಯೇ. ಹೊಲ ಉಳುವ ಮಗನನ್ನು ಕೇಳುವುದಿಲ್ಲ, ಪಹಣಿಯಲ್ಲಿ ಹೆಸರಿರುವ ಅಪ್ಪನನ್ನು ಕೇಳುತ್ತಾರೆ. "ಹುಡುಗರಿಗೆ ಏನು ಗೊತ್ತಾಗುತ್ತೆ. ದೊಡ್ಡವರು ಎಲೆಅಡಿಕೆ ಹಿಡಿದ್ರೆ ಮುಗೀತು, ಮಗ ಎಲ್ಲಿಗೆ ಹೋಗ್ತಾನೆ?" ಎಂದರು. ಒಳ್ಳೆಯ ಗೋಲ್‌ಕೀಪರ್ ಎಂದರೆ ಕಾರ್ನರ್ ಸೈಟ್ ಇದ್ದ ಹಾಗೆ, ಕೈಬಿಡಬಾರದು ಎಂದೂ ಸೇರಿಸಿದರು. ಎಲ್ಲರೂ ತಲೆದೂಗಿದರು.

ಆಂಜಿನಪ್ಪನವರಿಗೆ ತಮ್ಮ ವಿದ್ಯೆಗೆ ತಕ್ಕ ಕೆಲಸ ಸಿಕ್ಕಿತು. ಅಲ್ಲೇ ಪಂಚಾಂಗ ತರಿಸಿದರು. ಭೀಮನ ಅಮಾವಾಸ್ಯೆ ಸೋಮವಾರ. ಮಂಗಳವಾರ ಬೇಡ. ಬುಧವಾರ ಮುನಿರಾಜುವಿನ ಮನೆ, ಗುರುವಾರ ಚಂದ್ರನ ಮನೆ, ಎರಡೂ ದಿನ ರಾಹುಕಾಲ ಬಿಟ್ಟು. ಫಾರಂಗಳನ್ನು ಬೆಂಗಳೂರಿನ ಲೀಗ್ ಆಫೀಸಿಗೆ ತಲುಪಿಸಲು ಗಡುವು ಶ್ರಾವಣದ ಮೊದಲ ಶನಿವಾರ ಸಂಜೆ ಐದು ಗಂಟೆ. "ಎರಡು ದಿನ ಮಿಗುತ್ತಲ್ಲ ಸ್ವಾಮಿ, ಇನ್ನೇನು ಬೇಕು?" ಎಂದು ಕನ್ನಡಕ ತೆಗೆದು ಒರೆಸಿದರು. ಇಡೀ ತಿಂಗಳನ್ನು ಸುಮ್ಮನೆ ಕಳೆದು ಎರಡು ದಿನ ಮಿಗಿಸುವ ಜಾಣತನ.

ಆಮೇಲೆ ಫಯಾಜ್‌ನ ಮಾತು ಬಂತು. ಅವರಿಗೆ ಆಷಾಢವಿಲ್ಲ, ಅವರ ಮನೆಗೆ ತಟ್ಟೆ ಹಿಡಿದು ಹೋಗುವುದು ಹೇಗೋ ಏನೋ ಎಂದು ಆಂಜಿನಪ್ಪನವರು ಗೊಣಗಿ, ಕೊನೆಗೆ ನನ್ನ ಕಡೆ ತಿರುಗಿ, "ಅದೊಂದು ನೀವೇ ನೋಡ್ಕೊಂಡ್ಬಿಡಿ ಮೇಷ್ಟ್ರೇ" ಎಂದರು.

ಮರುದಿನವೇ ವಿಜಯಪುರಕ್ಕೆ ಹೋದೆ. ಘಟಕದೊಳಗೆ ಬೇಯುವ ರೇಷ್ಮೆಗೂಡಿನ ವಾಸನೆ, ಹಬೆ. ಫಯಾಜ್ ಬಿಸಿನೀರಿನಿಂದ ಕೈ ತೆಗೆದು ಟವಲಿಗೆ ಒರೆಸಿಕೊಂಡು ಬಂದ. ಅವನ ಬೆರಳ ತುದಿಗಳು ಬಿಳಿಚಿ ಮುದುರಿದ್ದವು. ಅವೇ ಬೆರಳು ಶನಿವಾರ ಭಾನುವಾರ ಕೋಲು ಹಿಡಿದರೆ ಎದುರು ತಂಡದವರು ಗೋಲಿನ ಮುಂದೆ ನಿಲ್ಲಲು ಹೆದರುತ್ತಿದ್ದರು. ಫಾರಂ ಕೊಟ್ಟೆ. ಅವನಿಗೆ ಎಲ್ಲ ಸುದ್ದಿಯೂ ಆಗಲೇ ತಲುಪಿತ್ತು.

"ನಮ್ಮನೆಗೆ ತಟ್ಟೆ ಬರಲ್ವಾ ಸಾರ್? ಬರೀ ಪೆನ್ನಾ?" ಎಂದ.

ನಾನು ಪೆನ್ನು ಮುಂದೆ ಹಿಡಿದೆ. ಅವನು ನಕ್ಕು, ಗೂಡು ತುಂಬಿದ ಬುಟ್ಟಿಯ ಮೇಲೆ ರಟ್ಟೊಂದನ್ನು ಇಟ್ಟು, "ಬಿಡಿ ಸಾರ್, ಬಾಳೆಹಣ್ಣು ನೀವೇ ತಿನ್ನಿ" ಎಂದು ಸಹಿ ಹಾಕಿದ. ಕಾಗದದ ಅಂಚಿನಲ್ಲಿ ಒದ್ದೆ ಹೆಬ್ಬೆಟ್ಟಿನ ಗುರುತು ಉಳಿಯಿತು. ಎರಡು ನಿಮಿಷದ ಕೆಲಸ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವನಿಗೆ ಅವಮಾನವಾಯಿತಲ್ಲ ಎಂದು ಬೇಸರಪಟ್ಟುಕೊಂಡೆ. ಅವಮಾನವಾಗಿದ್ದು ನಿಜ. ಆದರೆ ಆ ವರ್ಷ ಆ ಮೂವರಲ್ಲಿ ಆಟಗಾರನ ಮುಂದೆಯೇ ಹೋಗಿ ನಿಂತು ಆಡ್ತೀಯಾ ಎಂದು ನಾವು ಕೇಳಿದ್ದು ಅವನೊಬ್ಬನನ್ನೇ ಎಂಬುದು ಆಗ ನನ್ನ ವಿದ್ಯಾವಂತ ತಲೆಗೆ ಹೊಳೆಯಲಿಲ್ಲ.

ಆ ಆಷಾಢದ ಗಾಳಿ ಚೆನ್ನಾಗಿ ನೆನಪಿದೆ. ಇದರಲ್ಲಿ ಮೋಸವಿರಲಾರದು, ಗಾಳಿಯಿಂದ ನನಗೇನೂ ಲಾಭವಿಲ್ಲ. ಬೆಳಿಗ್ಗೆ ಆರಕ್ಕೆ ಕೋಡಿಯ ಕಡೆಯಿಂದ ಬೀಸಲು ಶುರುವಾದರೆ ನಿಲ್ಲಿಸಿದ ಚೆಂಡು ತಾನೇ ಉರುಳುತ್ತಿತ್ತು. ಹಲ್ಲಿನ ನಡುವೆ ಕೆಂಪು ಧೂಳು. ಮೋಡ ಮಳೆ ಬರುವಂತೆ ಕಪ್ಪಾಗಿ, ನಾಲ್ಕು ಹನಿ ಉದುರಿಸಿ, ಅದನ್ನೂ ಗಾಳಿಗೆ ಕೊಟ್ಟು ಹೋಗುತ್ತಿತ್ತು. ಸುತ್ತಲ ಹೊಲಗಳಲ್ಲಿ ರಾಗಿಗೆ ಉತ್ತಿಟ್ಟು ಹದಕ್ಕೆ ಕಾಯುತ್ತಿದ್ದರು. ನಾಲ್ಕು ವಾರವೂ ಹುಡುಗರು ಅಭ್ಯಾಸ ತಪ್ಪಿಸಲಿಲ್ಲ. ಮುನಿರಾಜು ಪಾಳಿ ಮುಗಿಸಿ ನೇರ ಬಂದು ಪ್ಯಾಡ್ ಕಟ್ಟುತ್ತಿದ್ದ. ಚಂದ್ರ ತೂಬಗೆರೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ. ಇಬ್ಬರೂ ದಿನಾ ನನ್ನ ಕಣ್ಣೆದುರು, ಹತ್ತು ಹೆಜ್ಜೆ ದೂರದಲ್ಲಿ. ಅವರ ಹೆಸರು ಬರೆದಿದ್ದ ಫಾರಂಗಳು ನನ್ನ ಕಂಕುಳ ಚೀಲದಲ್ಲಿ. ನಾನು ಶ್ರಾವಣಕ್ಕೆ ಕಾಯುತ್ತಿದ್ದೆ. ತರಗತಿಯಲ್ಲಿ ಮೂಢನಂಬಿಕೆಯ ವಿರುದ್ಧ ಗಂಟೆಗಟ್ಟಲೆ ಮಾತಾಡಿ ಬಂದವನು.

ಅಮಾವಾಸ್ಯೆಗೆ ಮೊದಲೇ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. 'ನಮ್ಮ ಹುಲಿಗಳು ನಮ್ಮಲ್ಲೇ' ಎಂಬ ಬರಹ, ಮೂವರ ಚಿಕ್ಕ ಮುಖ, ಮೇಲೆ ಕೈಮುಗಿದ ಪಿಳ್ಳೇಗೌಡರ ದೊಡ್ಡ ಮುಖ. ಸಹಿ ಆಗಿದ್ದು ಒಂದೇ ಹುಲಿಯದು. ಗಾಳಿಗೆ ಫ್ಲೆಕ್ಸ್ ಎರಡು ಸಲ ಹರಿದು, ಎರಡು ಸಲ ಹೊಸದಾಗಿ ಕಟ್ಟಿಸಿದರು. ಫ್ಲೆಕ್ಸ್ ಕಟ್ಟಿಸಲು ಆಷಾಢ ಅಡ್ಡ ಬರಲಿಲ್ಲ.

ಶ್ರಾವಣದ ಬುಧವಾರ ಬೆಳಿಗ್ಗೆ ಉಳಿದ ಹದಿನೈದು ಹುಡುಗರ ಸಹಿ ಮೈದಾನದಲ್ಲೇ ಆಯಿತು, ಹಳೆಯ ರೀತಿಯಲ್ಲಿ. ಅವರಿಗೆ ತಾಂಬೂಲದ ಮರ್ಯಾದೆ ಇರಲಿಲ್ಲ. ಮುನಿರಾಜು ಆ ದಿನ ಪಾಳಿಯಲ್ಲಿದ್ದ. ಚಂದ್ರ ಸಾಲಿನಲ್ಲಿ ಬಂದು ನಿಂತ. ಆಂಜಿನಪ್ಪನವರು ಅವನನ್ನು ಪಕ್ಕಕ್ಕೆ ಕರೆದು, "ನಿಂದು ಇಲ್ಲಲ್ಲಪ್ಪಾ, ನಾಳೆ ನಿಮ್ಮನೇಲಿ. ನೀನು ದೊಡ್ಡ ಆಟಗಾರ" ಎಂದರು. ಯಾರೋ ಸಹಿಗೆ ಬೆನ್ನು ಬೇಕು ಎಂದರು. ಚಂದ್ರ ಬಗ್ಗಿ ಬೆನ್ನು ಕೊಟ್ಟ. ಐದಾರು ಜನ ಅವನ ಬೆನ್ನ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಫಾರಂ ಒಂದೊಂದಾಗಿ ತೆಗೆದು ಕೊಟ್ಟವನು ನಾನು.

ಅವತ್ತೇ ನಲ್ಲೂರಿಗೆ ಹೋದೆವು. ಹುಣಿಸೆ ತೋಪು ದಾಟಿ ಎರಡು ಕಾರು ಮುನಿರಾಜುವಿನ ಮನೆಯ ಮುಂದೆ ನಿಂತಾಗ ಅವರಪ್ಪನಿಗೆ ಗಾಬರಿಯಾಯಿತು. ಜಮೀನು ಕೇಳಲು ಬಂದಿದ್ದಾರೆ ಎಂದುಕೊಂಡರೆಂದು ಕಾಣುತ್ತದೆ. ವಿಷಯ ಗೊತ್ತಾದ ಮೇಲೆ ಸಲೀಸಾಗಿ ಎಲೆಅಡಿಕೆ ಹಿಡಿದರು. ಮಗ ತಂಡದಲ್ಲಿ ಏನು ಮಾಡುತ್ತಾನೆಂದು ಅವರಿಗೆ ತಿಳಿದಿರಲಿಲ್ಲ. "ಚೆನ್ನಾಗಿ ಓಡ್ತಾನಲ್ವಾ?" ಎಂದು ಕೇಳಿದರು. ಗೋಲ್‌ಕೀಪರ್ ಓಡುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಪಿಳ್ಳೇಗೌಡರಂತೂ, "ಬಹಳ ಓಡ್ತಾನೆ" ಎಂದರು, ಮನಸಾರೆ.

ಗುರುವಾರ ತೂಬಗೆರೆ. ಹನುಮಂತರಾಯಪ್ಪನವರು ಬೇರೆ ತರದ ಮನುಷ್ಯ. ಬಂದವರನ್ನೆಲ್ಲ ಕೂರಿಸಿ, ತಾವು ಒಳಗೆ ಹೋಗಿ ಶರ್ಟು ಹಾಕಿಕೊಂಡು ಬಂದು, ಎರಡೂ ಕೈಯಲ್ಲಿ ತಾಂಬೂಲ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ನಾನು ಎಲೆ ಹಿಡಿದಿದ್ದೀನಿ. ನನ್ನ ಮಗ ನಿಮ್ಮ ತಂಡ ಬಿಟ್ಟು ಹೋಗಲ್ಲ" ಎಂದರು. ಅವರ ಮಾತು ಸುಳ್ಳಾಗಬಹುದು ಎಂದು ಆ ಮನೆಯಲ್ಲಿ ಯಾರಿಗೂ ಅನಿಸುವಂತಿರಲಿಲ್ಲ. ಮಗ ಕಂಬಕ್ಕೆ ಒರಗಿ ನಿಂತಿದ್ದ. ಅವರು ಅವನ ಕಡೆ ನೋಡಲಿಲ್ಲ. ನಾವೂ ನೋಡಲಿಲ್ಲ. ಸಂಬಂಧ ಕುದುರಿಸುವ ಕಡೆ ಹುಡುಗಿ ಬಾಗಿಲ ಮರೆಯಲ್ಲಿ ನಿಂತಿರುತ್ತಾಳಲ್ಲ, ಹಾಗೆ ನಿಂತಿದ್ದ ಆ ಎ ಡಿವಿಷನ್ ಆಟಗಾರ.

ಮುದ್ದೆ, ಹುರುಳಿಕಾಳಿನ ಬಸ್ಸಾರು, ಶಾವಿಗೆ ಪಾಯಸದ ಊಟವಾಯಿತು. ಕೈತೊಳೆಯಲು ಹಿತ್ತಲಿಗೆ ಹೋದೆ. ಚಂದ್ರ ಚೊಂಬಿನಲ್ಲಿ ನೀರು ಹಿಡಿದು ಬಂದ. ಅಲ್ಲಿ ನಾವಿಬ್ಬರೇ. ಈ ಮೂರು ವರ್ಷ ನನ್ನ ನೆನಪಿನಲ್ಲಿ ಆ ಕ್ಷಣ ಹೀಗಿತ್ತು. ಅವನು ನೀರು ಹುಯ್ಯುತ್ತಾ ಮೆಲ್ಲಗೆ, ಫಾರಂ ತಂದಿದ್ದೀರಾ ಅಣ್ಣ ಎಂದು ಕೇಳಿದ. ನಾನು, ಇವಾಗ ಬೇಡ ಕಣೋ, ಎಲೆ ಕೊಟ್ಟ ಮೇಲೆ ಕಾಗದ ತೆಗೆದರೆ ದೊಡ್ಡವರ ಮುಂದೆ ಚೆನ್ನಾಗಿರಲ್ಲ ಎಂದೆ. ಅವನು ತಲೆಯಾಡಿಸಿದ. ದಿನಚರಿಯಲ್ಲಿ ಇದ್ಯಾವುದೂ ಇಲ್ಲ. 'ತೂಬಗೆರೆ. ತಾಂಬೂಲ ಆಯಿತು. ಪಾಯಸ ಚೆನ್ನಾಗಿತ್ತು' ಎಂದಷ್ಟೇ ಇದೆ. ದಿನಚರಿ ಬಿಟ್ಟಿದ್ದನ್ನು ನೆನಪು ಉಳಿಸಿಕೊಂಡಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು. ಹೊರಡುವಾಗ ಅವರ ಮನೆಯಿಂದ ಮರುತಾಂಬೂಲ ಕೊಟ್ಟರು. ಬಾಳೆಹಣ್ಣನ್ನು ಚೀಲದಲ್ಲಿ ಫಾರಂಗಳ ಮೇಲೆಯೇ ಇಟ್ಟುಕೊಂಡೆ.

ಶುಕ್ರವಾರ ಸಹಿಗೆ ಹೋಗಿಬರುತ್ತೇನೆ ಎಂದೆ. ಪಿಳ್ಳೇಗೌಡರು ಬೇಡವೆಂದರು. ತಾಂಬೂಲವಾದ ಮರುದಿನವೇ ಕಾಗದ ಹಿಡಿದು ಹೋದರೆ ಮಾತಿನ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದೆ. ಶನಿವಾರ ಬೆಳಿಗ್ಗೆ ಹಾಕಿಸಿಕೊಂಡು ಹಾಗೇ ಬೆಂಗಳೂರಿಗೆ ಹೋದರಾಯಿತು. ನಾನು ಹೂಂ ಎಂದೆ. ನನ್ನ ಹೂಂಗಳಿಗೆ ಲೆಕ್ಕವಿಲ್ಲ.

ಶನಿವಾರ ಸಮಿತಿಯವರೆಲ್ಲ ನಾಮ ಹಾಕಿಕೊಂಡು ದೇವಸ್ಥಾನದಲ್ಲಿದ್ದರು, ಶ್ರಾವಣದ ಮೊದಲ ಶನಿವಾರವಲ್ಲವೇ. ನಾನು ಸ್ಕೂಟರಿನಲ್ಲಿ ಕಾರ್ಗೋ ಗೇಟಿನ ಹೊರಗೆ ಹೋಗಿ ನಿಂತೆ. ಚೀಲ ತೆರೆದರೆ ಮರೆತಿದ್ದ ಬಾಳೆಹಣ್ಣು ಕಳಿತು ಒಡೆದು, ಫಾರಂಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನು ಬಿಡಿಸುತ್ತಿರುವಾಗ ಮುನಿರಾಜು ಬಂದ.

"ನಿನ್ನೇನೇ ಸೈನ್ ಹಾಕ್ಬಿಟ್ನಲ್ಲಣ್ಣ" ಎಂದ.

ಕಂಪನಿ ತಂಡದ ಮ್ಯಾನೇಜರ್ ಒಬ್ಬ ಹುಡುಗಿಯಂತೆ, ಇಪ್ಪತ್ತೈದರ ಒಳಗಿನವಳು. ಸ್ಕೂಟರಿನಲ್ಲಿ ಬಂದು, ಟೀ ಬಿಡುವಿನಲ್ಲಿ ಅವನ ಜೊತೆ ನಿಂತು ಟೀ ಕುಡಿದು, ನಮ್ಮ ತಂಡದಲ್ಲಿ ಆಡ್ತೀರಾ ಎಂದು ಕೇಳಿದಳಂತೆ. ಇವನು ಕೆರೆಕೋಡಿಯವರು ಏನೂ ಕೇಳಿಲ್ಲವಲ್ಲ ಎಂದು ಯೋಚಿಸಿ ಹಾಕಿದನಂತೆ. ನಿಮ್ಮಪ್ಪ ತಾಂಬೂಲ ತೆಗೆದುಕೊಂಡಿದ್ದಾರಲ್ಲೋ ಎಂದೆ. ಮುನಿರಾಜುವಿಗೆ ಅದರಲ್ಲೇನೂ ಗೊಂದಲವಿರಲಿಲ್ಲ.

"ಅದಕ್ಕೆ ನಮ್ಮಪ್ಪನ್ನೇ ಗೋಲಲ್ಲಿ ನಿಲ್ಲಿಸ್ಕೊಳ್ಳಿ ಗುರು" ಎಂದು ಒಳಗೆ ಹೋದ. ಆವರೆಗೆ ಅವನು ನನ್ನನ್ನು ಗುರು ಎಂದು ಕರೆದಿರಲಿಲ್ಲ.

ತೂಬಗೆರೆ ತಲುಪುವಾಗ ಮಧ್ಯಾಹ್ನವಾಗಿತ್ತು. ಅಪ್ಪ, ಮಗ ಇಬ್ಬರೂ ದ್ರಾಕ್ಷಿ ಚಪ್ಪರದ ಕೆಳಗೆ ಕೆಲಸ ಮಾಡುತ್ತಿದ್ದರು. ನನ್ನ ಕೈಯಲ್ಲಿದ್ದ ಕಂದು ಕಲೆಯ ಕಾಗದ ನೋಡಿ ಚಂದ್ರ ಎದ್ದು ನಿಂತ. ಬೆಳಿಗ್ಗೆ ಬೆಂಗಳೂರಿನವರು ಬಂದಿದ್ದರು, ರಸ್ತೆಯಲ್ಲೇ ಸಹಿ ಹಾಕಿದೆ ಎಂದ. ಹನುಮಂತರಾಯಪ್ಪನವರಿಗೆ ಅದು ಆಗಲೇ ಗೊತ್ತಾಗಿದ್ದು, ನನ್ನ ಮುಂದೆ. ಅವರು ಕೈಲಿದ್ದ ಕತ್ತರಿಯನ್ನು ಕೆಳಗಿಟ್ಟರು. "ನಾನು ಎಲೆ ಹಿಡಿದಿದ್ದೆ ಕಣೋ" ಎಂದರು.

"ಅವರು ನನ್ನ ಕೇಳಿದ್ರಪ್ಪ" ಎಂದ ಚಂದ್ರ.

ಅಷ್ಟೇ. ಜಗಳವಾಗಲಿಲ್ಲ. ನಾನು ಸಂಜೆ ಐದರೊಳಗೆ ಹದಿನಾರು ಫಾರಂ ತಲುಪಿಸಿ ರಸೀದಿ ಪಡೆದೆ.

ಸೋಮವಾರ ಪಿಳ್ಳೇಗೌಡರ ಆಫೀಸಿನಲ್ಲಿ ಈ ಕಾಲದ ಹುಡುಗರ ನಂಬಿಕೆದ್ರೋಹದ ಬಗ್ಗೆ ಸಭೆ ನಡೆಯುತ್ತಿತ್ತು. ಮಾತು ಅರ್ಧದಲ್ಲಿರುವಾಗ ಹನುಮಂತರಾಯಪ್ಪನವರು ಬಂದರು, ಬಸ್ಸಿನಲ್ಲಿ, ಕೈಯಲ್ಲೊಂದು ಬಟ್ಟೆ ಚೀಲ ಹಿಡಿದು. ಚೀಲದಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟು, ಎಲೆ, ಅಡಿಕೆ, ತೆಂಗಿನಕಾಯಿ, ಹಣ್ಣುಗಳನ್ನು ಒಂದೊಂದಾಗಿ ಜೋಡಿಸಿದರು.

"ನೀವು ಕೊಟ್ಟ ಎಲೆ ಬಾಡಿತ್ತು ಗೌಡ್ರೇ, ಹೊಸಾದು ತಂದಿದ್ದೀನಿ. ಮಾತು ಉಳಿಸ್ಕೊಳ್ಳೋಕೆ ಆಗ್ಲಿಲ್ಲ."

ಕೂತ್ಕೊಳ್ಳಿ ಎನ್ನಬಹುದಿತ್ತು. ತಪ್ಪು ನಮ್ಮದು, ನಿಮ್ಮ ಮಗನನ್ನು ನಾವು ಕೇಳಲೇ ಇಲ್ಲ ಎನ್ನಬಹುದಿತ್ತು. ಕನಿಷ್ಠ ತಟ್ಟೆಯನ್ನು ಅವರ ಕಡೆಗೇ ಹಿಂದಕ್ಕೆ ತಳ್ಳಬಹುದಿತ್ತು. ಪಿಳ್ಳೇಗೌಡರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು, "ಆಯ್ತು ಬಿಡಿ, ಏನ್ಮಾಡೋಕಾಗುತ್ತೆ" ಎಂದು ಕ್ಷಮಿಸಿದರು. ಹನುಮಂತರಾಯಪ್ಪನವರು ಮೆಟ್ಟಿಲಿಳಿದು ಹೋದ ಮೇಲೆ ಆಂಜಿನಪ್ಪನವರು ಅದರಲ್ಲೊಂದು ಹಣ್ಣು ಸುಲಿದು ತಿಂದರು. ನನಗೂ ಒಂದು ಕೊಟ್ಟರು. ನಾನು ತಿಂದೆನೋ ಇಲ್ಲವೋ ನೆನಪಿಲ್ಲ. ಅಂದರೆ ತಿಂದಿರುತ್ತೇನೆ.

ಬಸ್ ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಇಬ್ಬರ ಮುಖಕ್ಕೆ ಬಿಳಿ ಕಾಗದ ಅಂಟಿಸಿದರು. ಹೊಸ ಗೋಲ್‌ಕೀಪರ್ ಆಗಿ ಪಿಳ್ಳೇಗೌಡರ ಅಕ್ಕನ ಮಗ ಬಂದ. ಚೆಂಡು ಬಂದರೆ ಅವನು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ನಾವು ಸೋತ ಪಂದ್ಯಗಳನ್ನು ಎಣಿಸುವುದಕ್ಕಿಂತ ಗೆದ್ದದ್ದನ್ನು ಹೇಳುವುದು ಸುಲಭ, ಒಂದೂ ಇಲ್ಲ. ನಾವು ಹೊಡೆದ ಗೋಲುಗಳೆಲ್ಲ ಫಯಾಜ್‌ನವು. ಪ್ರತಿ ಗೋಲಿನ ನಂತರ ಅವನು ನಡುಮೈದಾನದ ಕಡೆ ತಿರುಗಿ ನೋಡುತ್ತಿದ್ದ. ಅಲ್ಲಿ ಈಗ ಬೇರೆ ಯಾರೋ ಇದ್ದರು. ತಂಡ ಕೆಳಕ್ಕಿಳಿಯಿತು, ಮರುವರ್ಷ ನಿಂತೇ ಹೋಯಿತು. ಪಿಳ್ಳೇಗೌಡರು ಈಗ ಕಬಡ್ಡಿ ತಂಡವೊಂದರ ಅಧ್ಯಕ್ಷರು. ಅದಕ್ಕೆ ಕೋಲು ಹಿಡಿಯುವ ತೊಂದರೆಯಿಲ್ಲ.

ತೂಬಗೆರೆಯಲ್ಲಿ ಅಪ್ಪ ಮಗನ ಜೊತೆ ಒಂದು ವರ್ಷ ಮಾತಾಡಲಿಲ್ಲವೆಂದು ಬೇರೆಯವರಿಂದ ಕೇಳಿದೆ. ಒಂದೇ ಚಪ್ಪರದ ಕೆಳಗೆ, ಒಂದೊಂದು ಸಾಲಿನಲ್ಲಿ ಒಬ್ಬೊಬ್ಬರು ಕೆಲಸ ಮಾಡುತ್ತಿದ್ದರಂತೆ. ಹೋಗಿ ಹನುಮಂತರಾಯಪ್ಪನವರಿಗೆ ನಡೆದದ್ದನ್ನು ಹೇಳಬೇಕೆಂದು ದಿನಚರಿಯಲ್ಲಿ ನಾಲ್ಕು ಕಡೆ ಬರೆದಿದ್ದೇನೆ. ಹೋಗಲಿಲ್ಲ. ಸಮಿತಿಯವರು ಹಬ್ಬಿಸಿದ ಕತೆ, ಹುಡುಗರು ಕಂಪನಿ ಕೊಡುವ ಕೆಲಸದ ಆಸೆಗೆ ಹೇಗೂ ಹೋಗುತ್ತಿದ್ದರು ಎಂಬುದು, ಅಷ್ಟರಲ್ಲಿ ನನಗೂ ಒಗ್ಗಿತ್ತು. ಹೇಗೂ ಹೋಗುವವರಾಗಿದ್ದರೆ ಚೀಲದಲ್ಲಿ ಫಾರಂ ಇದ್ದರೇನು, ಇಲ್ಲದಿದ್ದರೇನು.

ಹೋದ ತಿಂಗಳ ನಿಶ್ಚಿತಾರ್ಥದಲ್ಲಿ ಅಪ್ಪ, ಮಗ ಇಬ್ಬರೂ ಒಟ್ಟಿಗೆ ಓಡಾಡಿ ಬಡಿಸುತ್ತಿದ್ದರು. ಪಿಳ್ಳೇಗೌಡರನ್ನೂ ಕರೆದಿದ್ದರು. ಮುಂದಿನ ಸಾಲಿನ ಸೋಫಾದಲ್ಲಿ ಕೂತು ಅವರು ಹುಡುಗಿಯ ಕಡೆಯವರಿಗೆ, ನಮ್ಮ ಹುಡುಗ, ನಮ್ಮ ಮೈದಾನದಲ್ಲೇ ಬೆಳೆದವನು ಎನ್ನುತ್ತಿದ್ದರು. ಹೊರಡುವಾಗ ಚಂದ್ರನೇ ತಾಂಬೂಲದ ಚೀಲ ತಂದು ನನ್ನ ಕೈಗೆ ಕೊಟ್ಟ. ಅಲ್ಲಿ ಯಾರೂ ಇರಲಿಲ್ಲ. ದೊಡ್ಡ ಮನಸ್ಸು ಮಾಡಿದವನಂತೆ ನಾನೇ ವಿಷಯ ತೆಗೆದೆ. ಅವತ್ತು ಕೈತೊಳೆಯುವಾಗ ನೀನು ಫಾರಂ ಕೇಳಿದೆ, ನಾನು ಬೇಡ ಎಂದೆ, ತಪ್ಪು ನನ್ನದು ಎಂದೆ.

ಚಂದ್ರ ಹುಬ್ಬು ಗಂಟಿಕ್ಕಿ ಯೋಚಿಸಿದ.

"ನಾನೆಲ್ಲಿ ಕೇಳಿದ್ನಣ್ಣ? ನಾನು ಕೇಳ್ಲಿಲ್ಲ, ನೀವೂ ಏನೂ ಅನ್ಲಿಲ್ಲ. ಚೀಲ ನಿಮ್ಮ ಕಂಕುಳಲ್ಲೇ ಇತ್ತು, ಫಾರಂ ತುದಿ ಕಾಣ್ತಿತ್ತು. ಈಗ ತೆಗೀತಾರೆ, ಈಗ ತೆಗೀತಾರೆ ಅಂತ ಇನ್ನೊಂದು ಚೊಂಬು ನೀರು ಹುಯ್ದೆ. ನೀವು ಕೈ ಒರೆಸ್ಕೊಂಡು ಒಳಗೆ ಹೋದ್ರಿ." ಆಮೇಲೆ, ಮದುಮಗನ ನಗು ಹಾಗೇ ಇಟ್ಟುಕೊಂಡು, "ಪೆನ್ನು ನಾನೇ ಜೇಬಲ್ಲಿ ಇಟ್ಕೊಂಡಿದ್ದೆ" ಎಂದ.

ಯಾರೋ ಕರೆದರು, ಹೋದ.

ನನ್ನ ನೆನಪು ಮೂರು ವರ್ಷ ಮಾಡಿದ ಕೆಲಸ ಇದು. ಅವನ ಬಾಯಲ್ಲಿ ಒಂದು ಪ್ರಶ್ನೆ ಇಟ್ಟು, ನನ್ನ ಬಾಯಲ್ಲಿ ಒಂದು ನಿರಾಕರಣೆ ಇಟ್ಟಿತ್ತು. ಬೇಡ ಎಂದವನು ತಪ್ಪು ಮಾಡಿದ್ದರೂ ಏನೋ ಒಂದು ಮಾತಾಡಿದವನು. ನಾನು ಅದೂ ಅಲ್ಲ. ಪಿಳ್ಳೇಗೌಡರು ಗೊತ್ತಿಲ್ಲದೆ ಕೋಲನ್ನು ತಲೆಕೆಳಗಾಗಿ ಹಿಡಿದವರು. ನಾನು ಗೊತ್ತಿದ್ದೂ ಕೈ ಒರೆಸಿಕೊಂಡವನು.

ಕಾರಿನಿಂದ ಆ ಕಳಿತ ಹಣ್ಣನ್ನು ತೆಗೆದು ಎಸೆದ ಸಂಜೆ, ಬೀರುವಿನ ಕೆಳಗಿನ ಖಾನೆಯಿಂದ ತಂಡದ ಹಳೆಯ ಫೈಲು ಹುಡುಕಿದೆ. ಚಂದ್ರನ ಫಾರಂ ಅದರಲ್ಲೇ ಇದೆ. ಹೆಸರು, ತಂದೆಯ ಹೆಸರು, ಊರು, ಆಡುವ ಜಾಗ, ಎಲ್ಲವೂ ನನ್ನ ದುಂಡು ಅಕ್ಷರದಲ್ಲಿ. ಬಾಳೆಹಣ್ಣಿನ ಕಲೆ ಒಣಗಿ ಕಂದಾಗಿ ಅರ್ಧ ಪುಟ ಹರಡಿದೆ. ಕೆಳಗೆ ಸಹಿಯ ಗೆರೆಯ ಮೇಲೆ ಆ ಕಲೆಯೂ ಬಿದ್ದಿಲ್ಲ.